ಹರಕೆಯ ಬಾಟ್ಲಿ

ಆ ಭಾನುವಾರ ಕಕ್ಕಿಂಜೆಯ ಪೂವಮ್ಮನಿಗೆ ಇದ್ದದ್ದು ಒಂದೇ ಕೆಲಸ. ಗಂಡ ಹುಕ್ರಪ್ಪನನ್ನು ಮಧ್ಯಾಹ್ನ ಮೂರರೊಳಗೆ ಮಡಂತ್ಯಾರಿಗೆ ಮುಟ್ಟಿಸಬೇಕು. ಕುಡಿತ ಬಿಟ್ಟವರು ವಾರ ವಾರ ಸೇರುವ ಸಭೆ ಅಲ್ಲಿ ಉಂಟು ಎಂದು ಆಶಾ ಕಾರ್ಯಕರ್ತೆ ಚಿತ್ರಾ ಹೇಳಿದ್ದಳು. ಎರಡು ಬಸ್ಸಿನ ದಾರಿ, ಅಷ್ಟೇ. ಆದರೆ ಆ ದಾರಿಯಲ್ಲಿ ಬಾರುಗಳು ಎಷ್ಟು, ಎಲ್ಲೆಲ್ಲಿ ಎಂದು ಕೇಳಬೇಕಾದರೆ ಹೆಂಡತಿಯರನ್ನೇ ಕೇಳಬೇಕು.

ಹುಕ್ರಪ್ಪ ಕೆಟ್ಟವನೇನಲ್ಲ. ರಬ್ಬರ್ ಟ್ಯಾಪಿಂಗಿನಲ್ಲಿ ಅವನ ಕೈಯೇ ಕೈ. ತೊಗಟೆಯನ್ನಷ್ಟೇ ಕೆತ್ತಿ, ಒಳಮರಕ್ಕೆ ತಾಗಿಸದೆ ಹಾಲು ಇಳಿಸುವವನು. ಆದರೆ ಆ ಕೆಲಸ ಬೆಳಿಗ್ಗೆ ಹತ್ತಕ್ಕೆಲ್ಲ ಮುಗಿಯುತ್ತದೆ. ಮಿಕ್ಕ ಹಗಲನ್ನು ಏನು ಮಾಡುವುದು? ಆ ಖಾಲಿ ಹಗಲೇ ಅವನನ್ನು ತಿಂದಿತು. ಕೈ ನಡುಗಿ ಮರಮರಕ್ಕೂ ಗಾಯವಾದ ಮೇಲೆ ತೋಟದವರು ನಾಳೆಯಿಂದ ಬರುವುದು ಬೇಡ ಎಂದರು.

ಆಗಲೇ ಪೂವಮ್ಮ ಊರವರು ನಂಬುವ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡದ್ದು. ಇವರು ನೂರು ದಿನ ಕುಡಿಯದೆ ಇದ್ದರೆ ಅಗೆಲು ಕೊಡ್ತೇನೆ ಅಜ್ಜ, ಎಂದು. ಅಗೆಲು ಎಂದರೆ ಎಲೆಯ ಮೇಲೆ ಅನ್ನ, ಕೋಳಿ ಪದಾರ್ಥ, ಚಕ್ಕುಲಿ, ವೀಳ್ಯ. ಪಕ್ಕದಲ್ಲಿ ಒಂದು ಬಾಟ್ಲಿ. ಬರೀ ಚಕ್ಕುಲಿ, ವೀಳ್ಯ ಹೇಳಿಕೊಂಡಿದ್ದರೂ ಅಜ್ಜ ಒಪ್ಪುತ್ತಿದ್ದರು. ಅವರು ಯಾವತ್ತು ಇದೇ ಬೇಕು ಎಂದು ಹಠ ಹಿಡಿದವರು? ಆದರೆ ಕಂಗೆಟ್ಟ ಹೆಂಗಸಿಗೆ ಅಷ್ಟೆಲ್ಲ ಯೋಚಿಸುವ ವ್ಯವಧಾನ ಎಲ್ಲಿಂದ ಬರಬೇಕು.

ಹರಕೆಯ ಸುದ್ದಿ ಕೇಳಿ ಹುಕ್ರಪ್ಪ ಹೆದರಿದ. ಅಜ್ಜನ ಹೆಸರಲ್ಲಿ ಆಟ ಆಡಲಾಗದು. ಹಲ್ಲು ಕಚ್ಚಿ ನೂರು ದಿನ ಹೇಗೋ ದಾಟಿಸಿದ. ನೂರಾ ಒಂದನೆಯ ದಿನ, ಮುಸ್ಸಂಜೆಗೆ, ಅಂಗಳದಾಚೆ ಅಗೆಲು ಬಡಿಸಿದರು. ಹೆಂಗಸರು ನೋಡಬಾರದೆಂಬ ಕಟ್ಟಳೆ. ಪೂವಮ್ಮ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದಳು. ಹೊರಗಿನಿಂದ ಅವಳ ಅಣ್ಣ ಕೂಸಪ್ಪನ ಸ್ವರ ಕೇಳಿಸಿತು.

"ಪ್ರಸಾದ ಅಲ್ವಾ ಭಾವ, ಒಂದು ಮುಚ್ಚಳ ಅಷ್ಟೇ. ಬೇಡ ಹೇಳ್ಬಾರ್ದು ಮಾರಾಯ."

ಎದ್ದು ಬಾಗಿಲು ತೆಗೆಯಬೇಕಿತ್ತು. ಕೈ ಚಿಲಕದವರೆಗೂ ಹೋಗಿತ್ತು. ಕಟ್ಟಳೆ ಮುರಿದರೆ ಏನಾದೀತೋ ಎಂಬ ಅಂಜಿಕೆಗೆ ಹಾಗೆಯೇ ಕೂತುಬಿಟ್ಟಳು. ಆ ಒಂದು ಮುಚ್ಚಳ ಮುಂದೆ ಏನೆಲ್ಲ ಆಯಿತು ಎಂಬುದನ್ನು ವಿವರಿಸುವುದು ಬೇಡ. ಕುಡುಕನಿರುವ ಮನೆಯವರಿಗೆ ಗೊತ್ತು, ಇಲ್ಲದವರ ಪುಣ್ಯ.

ಬೆಳ್ತಂಗಡಿಯಲ್ಲಿ ಬಸ್ ಬದಲಿಸಬೇಕು. ಆ ಭಾನುವಾರ ಹುಕ್ರಪ್ಪ ಮಿಂದು, ಇಸ್ತ್ರಿ ಅಂಗಿ ಹಾಕಿ, ಅಲ್ಲಿಯವರೆಗೆ ತಕರಾರಿಲ್ಲದೆ ಬಂದಿದ್ದ.

"ನೀನು ಸೀಟು ಹಿಡಿ. ನಾನು ಒಂದಕ್ಕೆ ಹೋಗಿ ಬರ್ತೇನೆ," ಎಂದ.

"ಇವರೇ, ಬಸ್ ಹೊರಡ್ತದೆ."

"ಐದು ನಿಮಿಷ. ನಿನ್ನಾಣೆ."

ಪೂವಮ್ಮ ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟು ಕಾದಳು. ಐದು ಹೋಗಿ ಹದಿನೈದಾಯಿತು. ಫೋನ್ ಸ್ವಿಚ್ ಆಫ್. ಇಳಿದು ಹುಡುಕಿದರೆ ಎಲ್ಲಿ ಸಿಗುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಸಲ ರಟ್ಟೆ ಹಿಡಿದು ಎಳೆದು ತಂದದ್ದಿಲ್ಲ! ಆದರೆ ಇವತ್ತು ಇಳಿಯಲಿಲ್ಲ. ಬಸ್ ಹೊರಟಿತು.

"ಬ್ಯಾಗ್ ತೆಗೆಯಿರಿ ಅಕ್ಕ, ಜನ ಉಂಟು," ಎಂದ ಕಂಡಕ್ಟರ್.

"ನಮ್ಮವರು ಬರ್ಲಿಕ್ಕೆ ಉಂಟು," ಎಂದಳು ಪೂವಮ್ಮ. ಓಡುತ್ತಿರುವ ಬಸ್ಸಿಗೆ ಯಾರು ಬರುತ್ತಾರೆ? ಅವಳ ಮುಖ ನೋಡಿ ಕಂಡಕ್ಟರ್ ಮುಂದಕ್ಕೆ ಹೋದ.

ಮಡಂತ್ಯಾರಿನಲ್ಲಿ ಇಳಿದವಳು ಆಟೋದವನನ್ನು ಕೇಳಿದಳು, "ಇಲ್ಲಿ ಮೀಟಿಂಗ್ ಎಲ್ಲಿ?"

"ಯಾವ ಮೀಟಿಂಗ್ ಅಕ್ಕ? ಸಂಘದ್ದಾ, ಸೊಸೈಟಿದ್ದಾ?"

ಪೂವಮ್ಮ ತಲೆ ತಗ್ಗಿಸಿದಳು. ಆಟೋದ ಅಸ್ಕರ್‌ಗೆ ಅಷ್ಟು ಸಾಕಾಯಿತು.

"ಕೂತ್ಕೊಳ್ಳಿ. ಒಬ್ಬರನ್ನು ಅಲ್ಲಿಗೆ ವಾರ ವಾರ ಬಿಡ್ತಿದ್ದೆ."

"ಈಗ ಅವರು ಬಿಟ್ಟಿದ್ದಾರಾ?"

"ಈಗ ಅವರಿಲ್ಲ ಅಕ್ಕ," ಎಂದ ಅಸ್ಕರ್, ಗಾಡಿ ತಿರುಗಿಸುತ್ತಾ.

ಹಳೆಯ ಕಟ್ಟಡದ ಮಾಳಿಗೆಯಲ್ಲಿ ಹತ್ತು ಕುರ್ಚಿ, ಆರು ಗಂಡಸರು. ಪೂವಮ್ಮ ಹಿಂದಿನ ಕುರ್ಚಿಯಲ್ಲಿ ಕೂತು, ಪಕ್ಕದ್ದರಲ್ಲಿ ಬ್ಯಾಗ್ ಇಟ್ಟಳು. ಸಭೆ ನಡೆಸುವ ಪದ್ಮಯ್ಯನವರು ವಯಸ್ಸಾದವರು. ಅಲ್ಲಿಯ ಕ್ರಮ ಇಷ್ಟೇ: ಒಬ್ಬೊಬ್ಬರೇ ಎದ್ದು ಹೆಸರು ಹೇಳಬೇಕು, ಕುಡಿಯದೆ ಎಷ್ಟು ದಿನವಾಯಿತೆಂದು ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಬ್ಬ ನಾನೂರು ಎಂದ. ಇನ್ನೊಬ್ಬ ಮೂರು ಎಂದ, ಅವನಿಗೂ ತಟ್ಟಿದರು.

"ನೀವು ಯಾರ ಕಡೆಯವರಮ್ಮ?" ಪದ್ಮಯ್ಯ ಕೇಳಿದರು.

ಪೂವಮ್ಮ ಎದ್ದು ನಿಂತಳು. ಹುಕ್ರಪ್ಪನ ಬಗ್ಗೆ ಹೇಳಬೇಕೆಂದೇ ಬಾಯಿ ತೆರೆದಳು.

"ನನ್ನ ಹೆಸರು ಪೂವಮ್ಮ. ಅವರು ನೂರು ದಿನ ಬಿಟ್ಟಿದ್ದರು. ಹರಕೆಗೆ ಬಾಟ್ಲಿ ತರಿಸಿದ್ದು ನಾನು. ಕೇಳಿಸಿದ್ರೂ ಬಾಗಿಲು ತೆಗೀದೆ ಕೂತದ್ದೂ ನಾನೇ."

ಪದ್ಮಯ್ಯ, "ಅದಾಗಿ ಎಷ್ಟು ದಿನ ಆಯ್ತು?" ಎಂದರು.

"ನೂರ ಇಪ್ಪತ್ತೆರಡು."

ಮುಂದೆ ಕೂತಿದ್ದವನೊಬ್ಬ ಅಭ್ಯಾಸದಿಂದ ಚಪ್ಪಾಳೆ ತಟ್ಟಿದ. ಎರಡು ಸಲ ತಟ್ಟಿದ ಮೇಲೆ ಅವನಿಗೆ ಅರ್ಥವಾಗಿ, ಕೈಗಳನ್ನು ಮಡಿಲಿಗೆ ಇಳಿಸಿದ. ಪೂವಮ್ಮ ಕೂತಳು. ಪಕ್ಕದ ಕುರ್ಚಿಯಿಂದ ಬ್ಯಾಗ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.