ಕುಂಟು ಮರಿಯ ಪಾಲು

“ಕಾಲು ಮುರಿಯಾಂವಾನೂ ನೀನ, ಪಟ್ಟಿ ಕಟ್ಟಾಂವಾನೂ ನೀನ. ಭಾಳ ಚಲೋ ಧಂದೇ ಹಿಡದಿ ಬಿಡೋ ಕಾಸಿಮ್ಯಾ!”

ಹಳಿಯಾಳ ತಾಲೂಕಿನ ತೇರಗಾಂವದ ಅಂಚಿನಲ್ಲಿರುವ ಕೋಳಿಮರಿ ಮಾಡುವ ಶೆಡ್ಡು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜವಾರಿ ಮರಿ ಕೊಳ್ಳಲು ಬುಟ್ಟಿ ಹಿಡಿದು ನಿಂತ ಹೆಂಗಸರ ಎದುರಿಗೇ ಮಾಲೀಕ ಸಾತಪ್ಪ ಈ ಮಾತು ಎಸೆಯುತ್ತಾನೆ. ಕಾಸಿಂಸಾಬರ ಮಗನ ವಯಸ್ಸಿನವನು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ಕಾಸಿಂಸಾಬರು ತಲೆ ಎತ್ತುವುದಿಲ್ಲ. ಅವರ ಅಂಗೈಯಲ್ಲಿ ನಿನ್ನೆ ಮೊಟ್ಟೆಯೊಡೆದು ಬಂದ ಮರಿಯೊಂದು ಮಲಗಿದೆ. ಬಿಚ್ಚಿಟ್ಟ ಕತ್ತರಿಯ ಹಾಗೆ ಅದರ ಎರಡು ಕಾಲೂ ಅತ್ತಿತ್ತ ಚಾಚಿವೆ.

ಅಂಥ ಮರಿ ನಿಲ್ಲಲಾರದು. ನಿಲ್ಲದ್ದು ನೀರಿಗೂ ಹೋಗದು, ಕಾಳಿಗೂ ಹೋಗದು. ಒಡಹುಟ್ಟಿದವೇ ತುಳಿದು ಮುಗಿಸುತ್ತವೆ. ಕಾಸಿಂಸಾಬರು ಹಳೆಯ ಬನಿಯನ್ನಿನಿಂದ ಹರಿದ ಮೆತ್ತನೆಯ ಪಟ್ಟಿಯನ್ನು ಎಂಟರ ಅಂಕಿಯಂತೆ ಕಾಲಿಗೆ ಸುತ್ತುತ್ತಾರೆ. “ಬಿಗಿ ಆತಂದ್ರ ಕಾಲು ಬಾಯ್ತಾವು, ಸಡಲಾತಂದ್ರ ಮತ್ತ ಜಾರ್ತಾವು. ದಿನಾ ಬಿಚ್ಚಿ ಕಟ್ಟಬೇಕ್ರಿ. ಹುಟ್ಟಿದ ಮರುದಿನಾನ ಹಿಡದ್ರ ನಾಕ ದಿನದಾಗ ಓಡ್ತೈತಿ. ವಾರ ಬಿಟ್ಟು ತಂದ್ರ ನಾ ಏನ್ ಮಾಡ್ಲಿ?” ಎಂದು ಹೆಂಗಸರಿಗೆ ಹೇಳುತ್ತಾರೆ. ಬೆರಳು ಮುದುಡಿದ್ದಕ್ಕೆ ಬೆಂಕಿಪೊಟ್ಟಣದ ರಟ್ಟಿನ ಚಪ್ಪಲಿ, ಕುಡಿಯುವ ನೀರಿಗೆ ಜೀವಸತ್ವದ ಹನಿ. ಹಿಮ್ಮಡಿಯ ನರ ಜಾರಿದ್ದನ್ನು ಮಾತ್ರ ಸವರಿ ನೋಡಿ ಸುಮ್ಮನೆ ಕೆಳಗಿಡುತ್ತಾರೆ. ಅದು ಅವರ ಕೈಗೆ ಬಗ್ಗುವುದಿಲ್ಲ.

ದಾಂಡೇಲಿಯಲ್ಲಿ ಬಿದಿರಿನ ಲೋಡು ಹೊತ್ತು ಹೊತ್ತು ಸೊಂಟ ಬಿದ್ದ ಮೇಲೆ ಊರಿಗೆ ಮರಳಿದವರು ಕಾಸಿಂಸಾಬರು. ಸಾತಪ್ಪನ ಅಪ್ಪ ಅವರನ್ನು ಮರಿ ಆರಿಸಲು ಇಟ್ಟುಕೊಂಡ. “ಕುಂಟ ಮರಿ ತಿಪ್ಪಿಗೆ ಒಗಿಯೂದಕ್ಕಿಂತ ನೀನ ಒಯ್ಯೋ ಮಾರಾಯಾ” ಎಂದ. ಅಂದಿನಿಂದ ಕುಂಟು ಮರಿ ಆರಿಸಿದವರ ಪಾಲು. ಹೆಂಡತಿ ಸುಗರಾ ಅವನ್ನು ಹಿತ್ತಲಲ್ಲಿ ಬೆಳೆಸಿ ತತ್ತಿ ಮಾರುತ್ತಾರೆ. ಮನೆಯ ಎಣ್ಣೆ, ಉಪ್ಪು ಬರುವುದು ಅದರಿಂದ.

ಈ ಬೇಸಿಗೆಯಿಂದ ಕುಂಟು ಮರಿ ವಿಪರೀತ. ಮೊದಲು ಮರಿಯ ಕೆಳಗೆ ಗೋಣಿತಟ್ಟು ಇರುತ್ತಿತ್ತು. ಈಗ ಸಾತಪ್ಪ ಯಾವುದೋ ಮುಖಂಡನ ಹುಟ್ಟುಹಬ್ಬದ ಫ್ಲೆಕ್ಸ್ ಹಾಸಿದ್ದಾನೆ. “ಪೈಪ್ ಹಿಡದ್ರ ಮುಗೀತು. ಗೋಣಿ ತೊಳಿಯಾವ್ರು ಯಾರು, ನಿಮ್ಮಪ್ಪ?” ಮುಖಂಡನ ನುಣ್ಣನೆಯ ಕೆನ್ನೆಯ ಮೇಲೆ ಎಳೆಯ ಕಾಲುಗಳು ಜಾರುತ್ತವೆ. ಜಾರಿದ ಕಾಲು ಹಾಗೇ ಅಗಲಿ ನಿಂತುಬಿಡುತ್ತದೆ. ಕಾಸಿಂಸಾಬರು ಹೇಳಿ ಹೇಳಿ ಸೋತಿದ್ದಾರೆ. ಅವರ ಹಿತ್ತಲು ತುಂಬಿದ್ದಷ್ಟೇ ಸಾತಪ್ಪನ ಕಣ್ಣಿಗೆ ಬಿದ್ದದ್ದು. ಪಾಲಿನ ಆಸೆಗೆ ಇವರೇ ಕಾಲು ಮುರಿಯುತ್ತಾರೆಂಬುದು ಅವನ ಗುಮಾನಿ.

“ಲಾಭ ಅಂತಾರ್ರಿ. ಒಯ್ದದ್ದರಾಗ ಅರ್ಧಾ ಮಣ್ಣಿಗೇ ಹೋಗ್ತಾವು. ಹೂಳಿ ಹೂಳಿ ಸಾಕಾಗೇತಿ,” ಎಂದು ಕಾಸಿಂಸಾಬರು ಹೆಂಗಸರಿಗೆ ಹೇಳುತ್ತಾರೆ.

ಗಂಟು ಬಿಗಿದು ಮುಗಿದ ಮೇಲೆ ಅವರು ಸಾತಪ್ಪನತ್ತ ತಿರುಗುತ್ತಾರೆ. “ಸಾವಕಾರ, ಗೋಣಿ ಹಾಸ್ರಿ. ತೊಳಿಯಾಂವ ನಾನ. ಇವತ್ತಿನಿಂದ ಕುಂಟ ಮರಿ ನನಗೊಂದೂ ಬ್ಯಾಡ, ಕಟ್ಟಿ ನಿಮ್ಮಲ್ಲೇ ಬಿಡ್ತೇನಿ. ಆಗ ನೋಡ್ರಿ, ಯಾರು ಮುರೀತಾರಂತ.”

“ಆತು. ಎಲ್ಲಾರೂ ಕೇಳ್ರಿ, ಪಾಲು ಬಿಟ್ಟಾನ!”

ಮನೆಯಲ್ಲಿ ಸುಗರಾ ಪಾತ್ರೆ ಕುಕ್ಕುತ್ತಾರೆ. “ಬಿಡೂಮುಂದ ಒಲಿ ನೆಪ್ಪಾಗಲಿಲ್ಲೇನ್ರಿ ನಿಮಗ?”

“ಕಳ್ಳ ಅನ್ನಿಸಿಕೊಂಡು ಉಣ್ಣೂ ತುತ್ತು ಇಳೀವಲ್ತು ಸುಗರಾ.”

ಕೆರೆಯಲ್ಲಿ ಗೋಣಿ ಒಗೆದು, ಬೇಲಿಗೆ ಒಣಹಾಕುವಷ್ಟರಲ್ಲಿ ಅವರ ಸೊಂಟ ಕಿತ್ತು ಬರುತ್ತದೆ. ಮುಂದಿನ ವಾರದ ಮರಿಗಳು ಗೋಣಿಯ ನೂಲಿಗೆ ಕಾಲ್ಬೆರಳು ಊರಿ ಎದ್ದು ನಿಲ್ಲುತ್ತವೆ. ಮರಿ ಕೊಳ್ಳಲು ಬಂದ ಮುಂಡಗೋಡ ಕಡೆಯ ಲಾಲಿಬಾಯಿ ಒಂದೊಂದನ್ನೇ ಎತ್ತಿ, ಕಾಲು ಎಳೆದು ನೋಡುತ್ತಾಳೆ. “ಏ ಯವ್ವಾ, ಈ ಸಲ ಒಂದೂ ಕುಂಟ ಇಲ್ಲಲ್ಲ!”

ಕಾಸಿಂಸಾಬರು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾರೆ. ಮುಖದಲ್ಲಿ ನಗು ಮೂಡುವಷ್ಟರಲ್ಲಿ ಸಾತಪ್ಪ ತೊಡೆ ತಟ್ಟುತ್ತಾನೆ.

“ನೋಡಿದ್ರಿಲ್ಲೋ? ಪಾಲು ನಿಂತ್ತು, ಮುರಿಯೂದೂ ನಿಂತ್ತು! ಸಿಗಬಿದ್ದಿ ಮಗನ! ಗೋಣಿ ಅಂತ, ಗೋಣಿ! ಏನಂತಿ ಈಗ?”

ನಗು ಹಿಂದಿನ ವಾರಕ್ಕಿಂತ ಜೋರಾಗಿದೆ. ಲಾಲಿಬಾಯಿಯೂ ನಗುತ್ತಾಳೆ.

ಕಾಸಿಂಸಾಬರು ಕೈಯಲ್ಲಿದ್ದ ಮರಿಯನ್ನು ಗೋಣಿಯ ಮೇಲೆ ಇಳಿಸುತ್ತಾರೆ. ಅದು ಕಾಲೂರಿ, ತಡವರಿಸದೆ ಓಡಿ ಗುಂಪು ಸೇರುವವರೆಗೂ ನೋಡುತ್ತಾರೆ. ಆಮೇಲೆ ಚಪ್ಪಲಿ ಮೆಟ್ಟಿ, ನಗುವವರ ನಡುವಿನಿಂದಲೇ ಹಾದು ರಸ್ತೆಗಿಳಿಯುತ್ತಾರೆ.

“ಲೇ, ಮಾತಾಡಿ ಹೋಗೋ!”

ಸೊಂಟ ಬಿದ್ದವರು ಬಿರುಸಾಗಿ ನಡೆಯಲಾರರು. ಆದರೆ ಅವರು ನಿಲ್ಲುವುದೂ ಇಲ್ಲ.