ಅವಳ ವಿಳಾಸಕ್ಕೆ ಬರುತ್ತಿದ್ದ ಮೇಲ್

ನನ್ನ ಹೆಂಡತಿ ತೀರಿಕೊಂಡು ಇನ್ನೂ ದಿನಕರ್ಮ ಮುಗಿದಿರಲಿಲ್ಲ. ಕುಷಾಯಿಗೂಡದ ನಮ್ಮ ಮನೆಗೆ ಅಣ್ಣ ಬಂದು ಚಾಪೆಯ ಮೇಲೆ ಕೂತ. ನೀರು ಕುಡಿದ ಮೇಲೆ, "ಅಕಿ ಮೇಲ್ ಯಾರೂ ನೋಡವಲ್ರು. ಆರ್ಡರ್ ಎಲ್ಲಾ ಅದರಾಗ ಬಂದು ಬಿದ್ದಾವ" ಎಂದ.

"ಸೂತಕ ಕಳೀಲಿ, ಬರ್ತೀನಿ."

"ಕಂಪ್ಯೂಟರಿಗೆ ಎಲ್ಲೀ ಸೂತಕಪಾ? ಅದನ್ನೇನು ದೇವರ ಜಗಲಿ ಮ್ಯಾಲ ಇಟ್ಟೀವೇನು?"

ಅವನ ಸ್ಕೂಟರಿನ ಹಿಂದೆ ಕೂತು ನಾಚಾರಂಗೆ ಹೋದೆ. ಅಲ್ಲಿ ಅಣ್ಣನದೊಂದು ಸಣ್ಣ ಕಾರ್ಖಾನೆ. ಪಂಪುಗಳಿಗೆ ಬೇಕಾಗುವ ರಬ್ಬರ್ ವಾಷರ್ ಮಾಡುತ್ತೇವೆ. ನಾನು ರಬ್ಬರ್ ಒತ್ತುವ ಪ್ರೆಸ್ ಮೇಲೆ, ಅವಳು ಆಫೀಸಿನಲ್ಲಿ. ಊರೆಲ್ಲ ಕಂಪ್ಯೂಟರಿನ ಮಾತೇ ಆಗಿದ್ದ ಆ ವರ್ಷಗಳಲ್ಲಿ, ನಮಗೂ ಒಂದು ವೆಬ್‌ಸೈಟ್ ಬೇಕೆಂದು ಹಟ ಹಿಡಿದವಳು ಅವಳೇ. ಸಂಜೆಯ ಕೋರ್ಸಿಗೆ ಹೋಗಿ ಕಲಿತಳು. ವೆಬ್‌ಸೈಟ್, ಮೇಲ್ ಇಡಲು ಹೋಸ್ಟಿಂಗ್ ಕಂಪನಿಯೊಂದರ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ಹಿಡಿದು, ಕಾರ್ಖಾನೆಯ ಹೆಸರಿಗೆ ತನ್ನ ಹೆಸರು ಜೋಡಿಸಿ ಮೇಲ್ ವಿಳಾಸ ಮಾಡಿದಳು. ಗಿರಾಕಿಗಳಲ್ಲಿ ಹೆಚ್ಚಿನವರು ಅವಳ ಮುಖ ನೋಡಿರಲಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಏನಾದರೊಂದು ವಿಚಾರಿಸದೆ ಅವಳು ಯಾರಿಗೂ ಬರೆಯುತ್ತಿರಲಿಲ್ಲ. ನಿಮ್ಮ ಕಡೆ ಮಳೆ ಆಯಿತೇ, ಮಗಳ ಪರೀಕ್ಷೆ ಹೇಗಾಯಿತು, ಇಂಥವು.

ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತಿತ್ತು. ಆ ಹೋಸ್ಟಿಂಗ್ ಕಂಪನಿಯ ಪುಟ ತೆರೆದು, ಅವಳ ವಿಳಾಸಕ್ಕೆ ಬರುವ ಮೇಲ್ ತಾನಾಗಿಯೇ ಅಣ್ಣನ ವಿಳಾಸಕ್ಕೆ ಹೋಗುವಂತೆ ಮಾಡಿದೆ. ಬಂದಿದ್ದ ಆರ್ಡರುಗಳನ್ನೆಲ್ಲ ಅವನಿಗೆ ಕಳಿಸಿಕೊಟ್ಟೆ.

"ಇನ್ನ ಅಕಿ ಮೇಲ್ ಪೆಟ್ಟಿಗಿ ಯಾಕ? ತಗದ್‌ಬಿಡು" ಎಂದ. ಅದನ್ನೂ ಅಳಿಸಿದೆ; ಆ ವಿಳಾಸಕ್ಕೆ ಬಂದದ್ದೆಲ್ಲ ಇನ್ನು ನೇರ ಅಣ್ಣನಿಗೇ.

ಅದೇ ಪುಟದಲ್ಲಿ, ಬರೆದವರಿಗೆಲ್ಲ ತಾನಾಗಿ ಒಂದು ಉತ್ತರ ಹೋಗುವಂತೆ ಮಾಡುವ ಸೌಲಭ್ಯವೂ ಇತ್ತು.

"ಅಣ್ಣಾ, ಇಲ್ಲಿ ಒಂದು ಸಾಲು ಹಾಕೂಣು. ಅಕಿ ತೀರಿಕೊಂಡಳು ಅಂತ."

"ಹುಚ್ಚೇನು ನಿನಗ? ಗಿರಾಕಿ ಬೆದರ್ತಾರ. ಆಮ್ಯಾಲ ಹೇಳೂಣು."

ಸರಿಯಾಯಿತೋ ಇಲ್ಲವೋ ನೋಡಲು ಒಂದು ಮೇಲ್ ಕಳಿಸಬೇಕಿತ್ತು. ನನ್ನ ವಿಳಾಸದಿಂದ ಅವಳಿಗೆ ಬರೆದೆ. ಏನು ಬರೆಯಬೇಕೆಂದು ಹೊಳೆಯದೆ, ಇಂಗ್ಲಿಷ್ ಅಕ್ಷರಗಳಲ್ಲಿ 'ಊಟ ಆತೇನು' ಎಂದಷ್ಟೇ ಬರೆದೆ. ಪಕ್ಕದ ಮೇಜಿನಿಂದ ಅಣ್ಣ ಕೂಗಿದ: "ಬಂತು ನೋಡು! ಊಟ ಆತೇನು ಅಂತ ಕೇಳಾಕತ್ತಿ. ಹೂಂ, ಆತಪಾ." ನಕ್ಕ ಕೂಡ.

ಅವನು ಹೇಳಿದ 'ಆಮ್ಯಾಲ' ಬರಲೇ ಇಲ್ಲ. ತಿಂಗಳುಗಳು ಹೋದವು. ಉತ್ತರ ಬರೆಯುವವನು ಅಣ್ಣ, ಕೆಳಗೆ ಹೆಸರು ಅವಳದು. ಒಂದು ದಿನ ನನ್ನನ್ನು ಪ್ರೆಸ್ಸಿನಿಂದ ಕರೆದ. ಸೊಲ್ಲಾಪುರದ ಗಿರಾಕಿಯೊಬ್ಬರು ಬರೆದಿದ್ದರು: ಮೇಡಂ, ಆಸ್ಪತ್ರೆಗೆ ಹೋಗುತ್ತೇನೆ ಎಂದು ಹಿಂದೆ ಬರೆದಿದ್ದಿರಿ, ಈಗ ಹೇಗಿದ್ದೀರಿ? ಅಣ್ಣ ಅದಕ್ಕೆ ಬರೆದಿದ್ದ: ಪೂರ್ತಿ ಆರಾಮಾಗಿದ್ದೇನೆ, ನಿಮ್ಮ ಆರ್ಡರ್ ಬೇಗ ಕಳಿಸಿ.

"ಅಕಿ ಬರಿಯೂದು ನೀ ನೋಡೀದಿ. ಹಿಂಗ ಬರೀತಿದ್ಲೋ ಇಲ್ಲೋ?"

"ಇಲ್ಲ" ಎಂದೆ. ಅವನು ಕಳಿಸಿಬಿಟ್ಟ.

ಜನವರಿಯಲ್ಲಿ ಆ ಸೊಲ್ಲಾಪುರದವರು ನಾಂಪಲ್ಲಿಯ ಎಕ್ಸಿಬಿಷನ್ ನೋಡಲು ಮನೆಯವರೊಂದಿಗೆ ಬಂದವರು ನಮ್ಮ ಕಾರ್ಖಾನೆಗೂ ಬಂದರು. ಕೈಯಲ್ಲಿ ಶೇಂಗಾ ಚಟ್ನಿಯ ಪೊಟ್ಟಣ.

"ಮೇಡಂ ಎಲ್ಲಿ ಅದಾರ್ರೀ? ಇಷ್ಟು ವರ್ಷ ಬರೀ ಬರದಾಟ ಆತು. ಮಾರಿ ನೋಡಿ ಹೋಗೂಣಂತ ಬಂದೆ."

"ಊರಿಗಿ ಹೋಗ್ಯಾಳ್ರಿ. ಚಾ ತಗೋರಿ" ಎಂದ ಅಣ್ಣ.

ಅವರು ಪೊಟ್ಟಣವನ್ನು ನನ್ನ ಕೈಗಿಟ್ಟರು. "ನೀವು ಅವರ ಮನಿಯವರಲ್ಲೇನ್ರಿ? ಆರಾಮ ಆಗೀನಿ ಅಂತ ಬರದಿದ್ರು. ಓದಿ ಭಾಳ ಖುಷಿ ಆತು ನೋಡ್ರಿ."

ಪೊಟ್ಟಣ ಹಿಡಿದುಕೊಂಡು ಹೇಳಿದೆ: "ಅಕಿ ತೀರಿಕೊಂಡಾಳ್ರಿ. ಮಳಿಗಾಲದಾಗ."

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ಅಣ್ಣನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮತ್ತ ನನಗ ಬರದವರು ಯಾರ್ರೀ?"

ಅವರು ನನ್ನ ಭುಜ ಮುಟ್ಟಿ ಹೊರಟುಹೋದರು.

"ಒಂದು ಗಿರಾಕಿ ಕಳದಿ. ಈಗ ಸಮಾಧಾನ ಆತೇನು?" ಎಂದ ಅಣ್ಣ. ಮನೆಯಲ್ಲಿ ಅವಳಿಗಾಗಿ ಅತ್ತವನು ಇವನೇ. ಆ ಅಳು ಸುಳ್ಳೆಂದು ನಾನು ಹೇಳಲಾರೆ. ಅದು ಕಾರ್ಖಾನೆಯ ಬಾಗಿಲು ದಾಟಿ ಒಳಗೆ ಬರಲಿಲ್ಲ, ಅಷ್ಟೇ.

ನಾನು ಆಫೀಸಿಗೆ ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಹೋಸ್ಟಿಂಗ್ ಪುಟ ತೆರೆದು, ಅವಳ ಮೇಲ್ ಅಣ್ಣನಿಗೆ ಹೋಗುವ ಆ ವ್ಯವಸ್ಥೆಯನ್ನು ತೆಗೆದುಹಾಕಿದೆ. ಅಣ್ಣ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಬೈಗುಳದ ನಡುವೆಯೇ ಅವಳ ವಿಳಾಸಕ್ಕೆ ಮತ್ತೆ ಅದೇ ಎರಡು ಪದ ಬರೆದು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಮೇಲ್ ತಿರುಗಿ ಬಂತು. ಈ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಅದರಲ್ಲಿತ್ತು. ಅಣ್ಣನಿಗೆ ಕಾಣಲೆಂದು ಪರದೆಯನ್ನು ಬಾಗಿಲ ಕಡೆ ತಿರುಗಿಸಿಟ್ಟು, ಚಟ್ನಿಯ ಪೊಟ್ಟಣ ತೆಗೆದುಕೊಂಡು ಮನೆಗೆ ನಡೆದೆ.