ಗುರುದೇವಿಯ ಐವತ್ತು ಮೀಟರು

ಗುರುದೇವಿಗೆ ಎರಡು ವರ್ಷವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಎಡತೊಡೆಯನ್ನು ಅಂಗೈಯಿಂದ ಒತ್ತಿ, ಮೈಯನ್ನು ಪಕ್ಕಕ್ಕೆ ಎಸೆದು ಹೆಜ್ಜೆ ಹಾಕುವುದೇ ಅವಳ ನಡಿಗೆ. ಗುರುಮಠಕಲ್‌ನಲ್ಲಿ ಓದು ಮುಗಿಸಿ, ಇಪ್ಪತ್ತಾರನೇ ವಯಸ್ಸಿಗೆ ಹೈದರಾಬಾದಿನ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತೆಯಾಗಿ ಬಂದಳು. ಜೊತೆಗೆ ತಾಯಿ ಸುಗಲಮ್ಮ ಬಂದರು. ಮೆಹದಿಪಟ್ಟಣಂನ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇಪ್ಪತ್ತೈದು ವರ್ಷ ಕಳೆದರು. ಮದುವೆಯ ಮಾತು ಒಂದೆರಡು ಸಲ ಬಂದು, ಕಾಲು ನೋಡಿ ಹಿಂದಿರುಗಿತ್ತು.

ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಯಿತು. ಕಚೇರಿಯಲ್ಲಿ ತೆಲುಗು, ಆಟೋದವರ ಜೊತೆ ಹಿಂದಿ. ಸೇಡಂನಲ್ಲಿದ್ದ ತಮ್ಮ ಆನಂದಕುಮಾರನಿಗೆ ಭಾನುವಾರ ಫೋನ್ ಮಾಡಿದರೆ ಅವನು ಯಾವಾಗಲೂ ಎಲ್ಲಿಗೋ ಹೊರಟು ನಿಂತಿರುತ್ತಿದ್ದ.

ಐವತ್ತೆರಡು ದಾಟುವ ಹೊತ್ತಿಗೆ, ಅಷ್ಟು ವರ್ಷ ಒಂಟಿಯಾಗಿ ಭಾರ ಹೊತ್ತಿದ್ದ ಬಲಗಾಲಿನ ಮೊಣಕಾಲು ಸವೆದಿತ್ತು. ನೀರಿಗಿಳಿದು ವ್ಯಾಯಾಮ ಮಾಡಿ ಎಂದರು ಡಾಕ್ಟರು. ಹತ್ತಿರದ ಕಾಲೊನಿಯ ಈಜುಕೊಳದಲ್ಲಿ ಬೆಳಗ್ಗೆ ಆರೂವರೆಗೆ ಹೆಂಗಸರ ತಂಡವಿತ್ತು. ಅಲ್ಲಿಗೆ ಬರುವವರೆಲ್ಲ ಜೋಡಿಯಾಗಿ ಬರುತ್ತಿದ್ದರು, ಗೆಳತಿಯ ಜೊತೆ, ವಾರಗಿತ್ತಿಯ ಜೊತೆ. ಮೆಟ್ಟಿಲ ಬಳಿ ಗುರುದೇವಿಯನ್ನು ಕಂಡರೆ ಮಾತು ನಿಲ್ಲಿಸಿ, ಭಾಳ ಮರ್ಯಾದೆಯಿಂದ ದಾರಿ ಬಿಡುತ್ತಿದ್ದರು. ಅವಳು ನೀರಿಗಿಳಿದ ಮೇಲೆ ಮಾತು ಮತ್ತೆ ಶುರುವಾಗುತ್ತಿತ್ತು.

ಎರಡು ತಿಂಗಳಲ್ಲಿ ತೇಲುವುದನ್ನೂ ಕೈ ಬೀಸುವುದನ್ನೂ ಕಲಿತಳು. ಆದರೆ ಒಂದೇ ಕಾಲು ಬಡಿಯುತ್ತಿದ್ದುದರಿಂದ ಸೊಂಟ ಅತ್ತಿತ್ತ ಓಲಾಡುತ್ತಿತ್ತು, ಕೆಳಭಾಗ ಮುಳುಗುತ್ತಿತ್ತು. ಅದನ್ನು ತೋಳಬಲದಿಂದಲೇ ಸರಿದೂಗಿಸಲು ಹೋಗಿ ಕೊಳದ ಅರ್ಧಕ್ಕೇ ಉಸಿರು ಕಟ್ಟುತ್ತಿತ್ತು. ಒಂದು ದಿನ ಹಾಗೆಯೇ ಸಾಲುಗಳ ನಡುವಿನ ಹಗ್ಗ ಹಿಡಿದು "ಯವ್ವಾ" ಎಂದು ಏದುಸಿರು ಬಿಟ್ಟಳು.

ದಡದಲ್ಲಿದ್ದ ತರಬೇತುದಾರಳು ತಟ್ಟನೆ ಬಗ್ಗಿ ಕೇಳಿದಳು: "ಅಕ್ಕಾರ, ನೀವು ಕನ್ನಡದವರೇನ್ರಿ?"

ಕರ್ನಾಟಕದ ಗಡಿಗೆ ಹತ್ತಿರದ ಜಹೀರಾಬಾದಿನ ಹುಡುಗಿ ಅವಳು, ಹೆಸರು ವರ್ಷಾ. ಅಷ್ಟು ದಿನ ಇಬ್ಬರೂ ಹಿಂದಿಯಲ್ಲೇ ಮಾತಾಡಿಕೊಂಡಿದ್ದರು.

ಮರುದಿನ ವರ್ಷಾ ಅವಳನ್ನು ನೀರಿಗಿಳಿಸಲಿಲ್ಲ. ದಡದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿಸಿದಳು. ಸೊಂಟದ ಕೆಳಗೆ ಬೆರಳು ತೂರಿಸಿ, "ಇಲ್ಲಿ ಸಂದಿ ಇರಬಾರದ್ರಿ. ಹೊಕ್ಕಳಾ ಬೆನ್ನಿಗೆ ಹತ್ತಿಸಿದಂಗ ಒಳಗ ಎಳಕೋರಿ. ಉಸಿರು ಬಿಗಿ ಹಿಡೀಬ್ಯಾಡ್ರಿ," ಎಂದಳು. ತಾಯಿ ಹೋದ ಮೇಲೆ ಬೇರೊಬ್ಬರ ಕೈ ತನ್ನ ಬೆನ್ನಿಗೆ ತಾಗಿದ್ದು ಇದೇ ಮೊದಲು ಎಂದು ಗುರುದೇವಿಗೆ ಹೊಳೆಯಿತು. ಅವಳು ಹೊಟ್ಟೆ ಒಳಗೆಳೆದುಕೊಂಡಳು.

"ನಿಮ್ಮ ಕೈಯಾಗ ತಾಕತ್ತು ಭಾಳ ಐತ್ರಿ. ಆದ್ರ ನಡು ಸಡಿಲ ಬಿಟ್ಟೀರಿ, ಅದಕ್ಕ ಎಲ್ಲಾ ಸೋರಿ ಹೋಗಾಕತ್ತೈತಿ. ಭುಜಾ ಒಂದ ತಿರುಗಿದ್ರ ಆಗಂಗಿಲ್ಲ, ಸೊಂಟಾನೂ ಜೊತಿಗೇ ತಿರುಗಬೇಕು. ಕೈ ನೀರು ಎಳಿಯೂದು ಆಮ್ಯಾಲ."

ಮನೆಯಲ್ಲಿ ದಿನವೂ ಮೊಣಕೈ, ಮೊಣಕಾಲುಗಳ ಮೇಲೆ ಹಲಗೆಯಂತೆ ಮೈ ಬಿಗಿಹಿಡಿದು ಎಣಿಸುತ್ತಿದ್ದಳು. ಗಟ್ಟಿಯಾಗಿಯೇ ಎಣಿಸುತ್ತಿದ್ದಳು, ಮನೆಯಲ್ಲಿ ಒಂದು ದನಿಯಿರಲಿ ಎಂದು. ಮೊದಲು ಹತ್ತಕ್ಕೇ ಹೊಟ್ಟೆ ನಡುಗುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಅರವತ್ತು ಮುಟ್ಟಿತು.

ಫೆಬ್ರವರಿಯ ಒಂದು ಬೆಳಗ್ಗೆ ಅದು ಕೂಡಿಬಂತು. ಸೊಂಟ ಹೊರಳಿದಾಗ ಭುಜವೂ ಅದರ ಜೊತೆಗೇ ಹೊರಳಿತು, ಕೈ ಸಲೀಸಾಗಿ ನೀರು ಹಿಡಿಯಿತು, ಮೈ ಮುಂದೆ ಜಾರಿತು. ಎಡಗಾಲು ಹಿಂದಕ್ಕೆ ಜಗ್ಗಲಿಲ್ಲ, ಸುಮ್ಮನೆ ಹಿಂಬಾಲಿಸಿತು. ಆಚೆ ದಡ ಮುಟ್ಟಿ ತಲೆಯೆತ್ತಿ ನೋಡಿದಳು. ವರ್ಷಾ ದೂರದಲ್ಲಿ ಫೋನಿನಲ್ಲಿದ್ದಳು. ಉಳಿದವರು ತಮ್ಮ ತಮ್ಮ ಮಾತಿನಲ್ಲಿದ್ದರು. ಗುರುದೇವಿ ಈಜುಗನ್ನಡಕದ ನೀರು ಚೆಲ್ಲಿ ಮತ್ತೆ ಈಜಿದಳು.

ಆ ವರ್ಷದ ಕೊನೆಗೆ ನಗರದಲ್ಲಿ ಹಿರಿಯರ ಈಜು ಸ್ಪರ್ಧೆ ನಡೆಯಿತು. ವರ್ಷಾ ಕೇಳದೆಯೇ ಅವಳ ಹೆಸರು ಬರೆಸಿದ್ದಳು: ಐವತ್ತು ದಾಟಿದ ಅಂಗವಿಕಲ ಮಹಿಳೆಯರ ವಿಭಾಗ, ಐವತ್ತು ಮೀಟರು. ಆದರೆ ಆ ದಿನ ಕೊಳದ ಕೆಲಸಕ್ಕೆ ಬದಲಿ ಸಿಗದೆ ವರ್ಷಾ ಬರಲಾಗಲಿಲ್ಲ. ಗುರುದೇವಿ ಆಟೋ ಹಿಡಿದು ಒಬ್ಬಳೇ ಹೋದಳು.

ಮೇಜಿನ ಹಿಂದಿದ್ದ ಅಧಿಕಾರಿ ಪಟ್ಟಿ ನೋಡಿ ನಕ್ಕರು. "ಆಪ್ ಅಕೇಲೀ ಹೈಂ ಮೇಡಂ, ಈ ವಿಭಾಗಕ್ಕೆ ನೀವೊಬ್ಬರೇ. ಈಜುವುದೇನೂ ಬೇಡ, ಪದಕ ನಿಮ್ಮದೇ. ತೊಗೊಂಡು ಹೋಗಿ," ಎಂದು ಹಿಂದಿಯಲ್ಲೇ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

"ನೈ ಸಾಬ್, ತೈರ್‌ನೇಕು ಆಯೀ ಮೈ," ಎಂದಳು ಗುರುದೇವಿ. ಈಜಲೆಂದೇ ಬಂದಿದ್ದೇನೆ ಎಂದು.

ಅವಳ ಸರದಿ ಬಂದಾಗ ಊಟದ ಹೊತ್ತು. ಗ್ಯಾಲರಿಯಲ್ಲಿ ಜನ ಪುಳಿಹೋರದ ಪೊಟ್ಟಣ ಬಿಚ್ಚುತ್ತಿದ್ದರು. ಎಂಟು ಸಾಲಿನ ಕೊಳದಲ್ಲಿ ಅವಳೊಬ್ಬಳೇ ಗೋಡೆ ಹಿಡಿದು ನಿಂತಳು. ಸೀಟಿ ಊದಿದರು.

ಅರ್ಧದವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಕೈ ಅವಸರಪಟ್ಟಿತು. ಸೊಂಟ ಓಲಿತು, ಹಗ್ಗ ಭುಜಕ್ಕೆ ತಾಗಿತು. ನಿಲ್ಲಿಸಿದರೂ ಪದಕ ಅವಳದೇ, ಅದು ಅವಳಿಗೂ ಗೊತ್ತಿತ್ತು. ಕೈಯನ್ನು ನಿಧಾನಿಸಿದಳು. ಹೊಕ್ಕಳನ್ನು ಒಳಗೆಳೆದು ಎಡಕ್ಕೆ ಹೊರಳಿದಳು, ಬಲಕ್ಕೆ ಹೊರಳಿದಳು. ಕಾಲು ಮೇಲಕ್ಕೆ ಬಂತು. ಕೊನೆಯ ಹದಿನೈದು ಮೀಟರು ಪೂರ್ತಿ ಹೊಟ್ಟೆಯ ಬಲದಿಂದಲೇ ದಾಟಿದಳು.

ಗಡಿಯಾರ ಹಿಡಿದಿದ್ದ ಹೆಂಗಸು ಬಗ್ಗಿ ತೋರಿಸಿದಳು. ಒಂದು ನಿಮಿಷ ನಲವತ್ತಾರು ಸೆಕೆಂಡು. ಅಭ್ಯಾಸದಲ್ಲಿ ಎರಡು ನಿಮಿಷಕ್ಕಿಂತ ಕೆಳಗೆ ಅವಳು ಎಂದೂ ಬಂದಿರಲಿಲ್ಲ. ಗುರುದೇವಿ ನೀರಿನಲ್ಲೇ ನಿಂತು ಅತ್ತಳು. ಮುಖ ಹೇಗೂ ಒದ್ದೆಯಿತ್ತು.

ಸಂಜೆ ತಮ್ಮನಿಗೆ ಫೋನ್ ಮಾಡಿದಳು. "ಎಷ್ಟು ಮಂದಿ ಇದ್ರಕ್ಕಾ?" ಎಂದ.

"ನಾ ಒಬ್ಬಾಕಿನ."

ಅವನು ನಕ್ಕ. "ಹಂಗಾರ ಫಸ್ಟ್ ಬರಾಕ ಬೇಕಲ್ಲ!"

"ಹೌದು," ಎಂದಳು. ಸಮಯದ ಸುದ್ದಿ ಹೇಳಲಿಲ್ಲ.

ಈಗ ವರ್ಷಾ ಶಂಶಾಬಾದಿನ ಒಂದು ಶಾಲೆಯ ಕೆಲಸಕ್ಕೆ ಸೇರಿದ್ದಾಳೆ. ಹೊಸ ತರಬೇತುದಾರಳಿಗೆ ತೆಲುಗು ಮಾತ್ರ ಬರುತ್ತದೆ. ಗುರುದೇವಿ ದಿನವೂ ಹೋಗುತ್ತಾಳೆ. ಮೊಣಕಾಲಿನ ನೋವು ಕಡಿಮೆಯಾಗಿದೆ. ಕಳೆದ ವಾರ ಗೋಡೆಯ ಗಡಿಯಾರ ನೋಡಿಕೊಂಡು ಈಜಿದಳು. ಒಂದು ನಿಮಿಷ ನಲವತ್ತೊಂದು.